ಮಲ್ಲಕಂಬಕ್ಕೆ ಒಪ್ಪಿಗೆ ಕೊಡುವ ಮುನ್ನ

ಈ ವರ್ಷ ಪಿ.ಟಿ. ಪೀರಿಯಡ್‌ನಲ್ಲಿ ಮಲ್ಲಕಂಬ ಕಲಿಸುತ್ತೇವೆ, ಸಹಿ ಹಾಕಿ ಕಳಿಸಿ ಎಂದು ಶಾಲೆಯಿಂದ ಚೀಟಿ ಬಂದರೆ ಹೆತ್ತವರಿಗೆ ದಿಗಿಲಾಗುವುದು ಸಹಜ. ಸುಮಾರು 8 ಅಡಿಯ ಕಂಬದ ತುದಿಯಲ್ಲಿ ತಲೆಕೆಳಗಾದ ಮಗು ಕಣ್ಣಮುಂದೆ ಬರುತ್ತದೆ. ಆದರೆ ಹೂಂ ಅನ್ನುವುದಕ್ಕೂ ಉಹೂಂ ಅನ್ನುವುದಕ್ಕೂ ಮೊದಲು ಒಂದು ತರಗತಿಯನ್ನು ನಿಂತು ನೋಡಿ ಬನ್ನಿ.

ಇದು ಮೂಲತಃ ಜಟ್ಟಿಗಳ ತಾಲೀಮು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲೇ ಇದರ ಪ್ರಸ್ತಾಪವಿದೆ. ಗದಗ, ಬಾಗಲಕೋಟೆ ಕಡೆ ಇಂದಿಗೂ ಮಕ್ಕಳು ಕಂಬ ಹತ್ತುತ್ತಾರೆ.

ಕಂಬ ಸಾಮಾನ್ಯವಾಗಿ ತೇಗದ್ದು. ಬುಡ ದಪ್ಪ, ಮೇಲೆ ಹೋದಂತೆ ಸಪೂರ, ತುದಿಯಲ್ಲಿ ಕತ್ತು, ಅದರ ಮೇಲೊಂದು ಪುಟ್ಟ ಗುಂಡು. ಬರೀ ಮರಕ್ಕೆ ಮೈ ಉಜ್ಜಿದರೆ ಚರ್ಮ ಕಿತ್ತುಬರುತ್ತದೆ, ಅದಕ್ಕೇ ಹರಳೆಣ್ಣೆ ಸವರುತ್ತಾರೆ. ಹರಳೆಣ್ಣೆ ಮಂದ, ತುಸು ಅಂಟು. ಹದವಾಗಿ ಹಚ್ಚಿದರೆ ಮೈ ಜಾರುತ್ತದೆ, ಹಿಡಿತ ತಪ್ಪುವುದಿಲ್ಲ. ಹೆಚ್ಚಾದರೆ ಮಗು ಸರ್ರನೆ ಕೆಳಗಿಳಿಯುತ್ತದೆ. ಕೈಗಿಂತ ಒಳತೊಡೆಯ ಹಿಡಿತವೇ ಇಲ್ಲಿ ಮುಖ್ಯ. ಆದ್ದರಿಂದ ಟ್ರ್ಯಾಕ್ ಪ್ಯಾಂಟ್ ಹಾಕಿಸಿ ಹತ್ತಿಸುತ್ತಿದ್ದರೆ ಅನುಮಾನಪಡಿ. ಸರ, ಬಳೆ, ಉಡಿದಾರ ಯಾವುದೂ ಮೈಮೇಲಿರಬಾರದು.

ಒಳ್ಳೆಯ ಮೇಷ್ಟ್ರು ಹತ್ತುವುದಕ್ಕಿಂತ ಮೊದಲು ಇಳಿಯುವುದನ್ನು ಕಲಿಸುತ್ತಾರೆ. ಮಗು ಬುಡದಿಂದ ಒಂದೆರಡು ಅಡಿ ಮೇಲಷ್ಟೇ ಕಾಲು ಸುತ್ತಿ ಕಂಬವನ್ನು ಅಪ್ಪಿಕೊಂಡಿರುತ್ತದೆ. ಆಮೇಲೆ ಮೆಲ್ಲಗೆ ಜಾರಿ, ಮಂಡಿ ಬಗ್ಗಿಸಿ, ಎರಡೂ ಪಾದ ಒಟ್ಟಿಗೆ ಊರುತ್ತದೆ. ಇದು ಪಕ್ಕಾ ಆಗುವವರೆಗೆ ತಲೆಕೆಳಗಿನ ಆಸನಗಳ ಮಾತೇ ಬೇಡ. ವಾರ್ಷಿಕೋತ್ಸವಕ್ಕೆಂದು ಒಂದೇ ತಿಂಗಳಲ್ಲಿ ತುದಿಗೇರಿಸುವ ಶಾಲೆಗೆ ನಾನಾದರೆ ಒಪ್ಪಿಗೆ ಕೊಡುವುದಿಲ್ಲ.

ಕಂಬವನ್ನು ನೀವೇ ಅಲ್ಲಾಡಿಸಿ ನೋಡಿ, ಕದಲಬಾರದು. ದಪ್ಪ ಮ್ಯಾಟ್‌ಗಳು ಬುಡಕ್ಕೆ ಒತ್ತಿಕೊಂಡು ಸುತ್ತಲೂ ಇರಬೇಕು. ಎರಡು ಮ್ಯಾಟ್‌ಗಳ ನಡುವಿನ ಸಂದಿನಲ್ಲೇ ಪಾದ ಹೊರಳುವುದು. ಮಗು ಮೇಲಿರುವಷ್ಟು ಹೊತ್ತೂ ತರಬೇತಿ ಪಡೆದವರೊಬ್ಬರು ಕೈಯಳತೆಯಲ್ಲಿ ನಿಂತಿರಬೇಕು, ಸೀಟಿ ಹಿಡಿದು ದೂರದಲ್ಲಲ್ಲ. ನಲವತ್ತು ಮಕ್ಕಳಿಗೆ ಒಬ್ಬರೇ ಮೇಷ್ಟ್ರಿದ್ದರೆ ಉಳಿದವರನ್ನು ಯಾರು ನೋಡಿಕೊಳ್ಳುತ್ತಾರೆಂದು ಕೇಳಿ.

ಬೀಳುವ ಮಗು ಕೈ ಊರುತ್ತದೆ, ಪೆಟ್ಟು ಮಣಿಕಟ್ಟಿಗೆ ಬೀಳುತ್ತದೆ. ಮಕ್ಕಳ ಎಲುಬಿನ ತುದಿಯಲ್ಲಿ ಬೆಳೆಯುವ ಮೆದು ಭಾಗವಿದೆ. ಅಲ್ಲಿ ಏಟಾದರೆ ಊತ ಕಡಿಮೆಯಿದ್ದರೂ ಒತ್ತಿದಾಗ ನೋಯುತ್ತದೆ. ಉಳುಕು ಎಂದು ತಿಕ್ಕಿಸಬೇಡಿ, ವೈದ್ಯರಿಗೆ ತೋರಿಸಿ. ತಲೆಗೆ ಪೆಟ್ಟಾಗಿದ್ದರೆ ಆ ದಿನ ಆಟ ಮುಗಿಯಿತು. ವಾಂತಿ, ಮಂಪರು, ತೊದಲು ಮಾತು ಕಂಡರೆ ತಕ್ಷಣ ಆಸ್ಪತ್ರೆ. ಕತ್ತು ನೋವೆಂದರೆ ಎತ್ತಿ ಕೂರಿಸದೆ, ಅಲುಗಾಡಿಸದೆ 108ಕ್ಕೆ ಕರೆ ಮಾಡಬೇಕು. ಇದು ಮೇಷ್ಟ್ರಿಗೆ ಗೊತ್ತಿದೆಯೇ ಎಂದು ಮುಜುಗರವಿಲ್ಲದೆ ಕೇಳಿ.

ಒಪ್ಪುವುದಾದರೆ ಅದೇ ಚೀಟಿಯ ಕೆಳಗೆ ಮಗುವಿನ ಮೂರ್ಛೆ, ಉಬ್ಬಸ, ಹಳೆಯ ಮುರಿತಗಳ ವಿವರ ಬರೆಯಿರಿ. ಹೆದರಿದ ದಿನ ಕಂಬ ಹತ್ತಿಸಕೂಡದು, ಅದಕ್ಕಾಗಿ ಅಂಕ ಕಡಿಯಕೂಡದು ಎಂದೂ ಸೇರಿಸಿ.