ಹಳೆಯ ಕಾರಿಗೆ ಹೊಸ ಕಾರ್ಪೆಟ್

ಮನೆಯ ನೆಲಕ್ಕೆ ಜಮಖಾನ ಹಾಸುತ್ತೇವೆ. ಕಾರಿನ ನೆಲಕ್ಕೂ ಒಂದು ಹಾಸು ಇರುತ್ತದೆ. ಅದಕ್ಕೆ ಕಾರ್ಪೆಟ್ ಎನ್ನುತ್ತಾರೆ. ಜಮಖಾನವನ್ನು ದಿನಾ ಎತ್ತಿ ಕೊಡವಬಹುದು. ಕಾರಿನ ಕಾರ್ಪೆಟ್ ಹಾಗಲ್ಲ. ಒಮ್ಮೆ ಹಾಸಿದರೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಅದರ ಕೆಳಗೆ ಏನಾಗಿದೆ ಅಂತ ಯಾರೂ ನೋಡುವುದಿಲ್ಲ.

ನಮ್ಮ ಸಿದ್ಧಾರ್ಥನಗರ ಇರುವುದು ಮೈಸೂರಿನಲ್ಲಿ. ಚಾಮುಂಡಿ ಬೆಟ್ಟ, ಲಲಿತಮಹಲ್ ಅರಮನೆ ಎರಡೂ ನಮಗೆ ಹತ್ತಿರ. ಇಲ್ಲಿ ಸಂಜೆ ಹೊತ್ತು ನಾವು ಓದು ಬರಹಕ್ಕೆ ಸೇರುತ್ತೇವೆ. ನಮ್ಮ ಜೊತೆ ಒಬ್ಬ ಅಣ್ಣ ಬರುತ್ತಾರೆ. ಅವರದು ಕುಷನ್ ಕೆಲಸ. ಕಾರಿನ ಸೀಟು ಹೊಲಿಯುತ್ತಾರೆ, ಕಾರ್ಪೆಟ್ ಹಾಸುತ್ತಾರೆ. "ಒಂದ್ಸಲ ಬಂದು ನೋಡಿ. ನೀವು ಕಲಿಸಿದ ನಾಲ್ಕು ಪದ ನನ್ನ ಕೂಲಿ ಉಳಿಸ್ತು" ಅಂದರು. ಒಂದು ಭಾನುವಾರ ನಾವು ಐದಾರು ಜನ ಅವರ ಶೆಡ್ಡಿಗೆ ಹೋದೆವು.

ಅಂಬಾಸಿಡರ್ ಕಾರು

ಶೆಡ್ಡಿನಲ್ಲಿ ಬಿಳಿ ಅಂಬಾಸಿಡರ್ ನಿಂತಿತ್ತು. ಈ ಕಾರು ಯಾರಿಗೆ ಗೊತ್ತಿಲ್ಲ? ಮಂತ್ರಿಗಳೂ ಇದರಲ್ಲೇ ಓಡಾಡಿದರು. ಮದುವೆ ಗಂಡೂ ಇದರಲ್ಲೇ ಬಂದ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮಾದರಿಯಲ್ಲಿ ಇದನ್ನು ಮಾಡಿದರು. ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಪಶ್ಚಿಮ ಬಂಗಾಳದ ಉತ್ತರಪಾರಾ ಎಂಬಲ್ಲಿ ಇದನ್ನು ತಯಾರಿಸುತ್ತಿತ್ತು. 2014ರಲ್ಲಿ ತಯಾರಿಕೆ ನಿಂತುಹೋಯಿತು. ಹೊಸದು ಬರುವುದಿಲ್ಲ. ಇರುವುದನ್ನೇ ಕಾಪಾಡಿಕೊಳ್ಳಬೇಕು.

ಹಳೆಯ ಕಾರುಗಳ ಮೇಲೆ ಪ್ರೀತಿ ಇಟ್ಟವರು ಬಹಳ ಜನ ಇದ್ದಾರೆ. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಕಾರು ಸಂಗ್ರಹ ನೋಡಿರಬಹುದು. 2023ರಲ್ಲಿ ಶ್ರೀರಂಗಪಟ್ಟಣದ ಬಳಿಯೂ 'ಪಯಣ' ಎಂಬ ಕಾರು ಸಂಗ್ರಹಾಲಯ ಶುರುವಾಯಿತು. ಆದರೆ ಶೆಡ್ಡಿನಲ್ಲಿದ್ದ ಕಾರು ಪ್ರದರ್ಶನದ ಕಾರಲ್ಲ. ಅದರ ಯಜಮಾನರು ಅದನ್ನು ಸ್ವಂತಕ್ಕೆ ಓಡಿಸುತ್ತಾರೆ. ಮೊಮ್ಮಕ್ಕಳನ್ನು ಕೂರಿಸಿಕೊಂಡು ಬೆಟ್ಟಕ್ಕೆ ಹೋಗುತ್ತಾರೆ. "ಕಾರ್ಪೆಟ್ ವಾಸನೆ ಬರ್ತಿದೆ, ಹೊಸದು ಹಾಕಿಕೊಡಿ" ಅಂತ ತಂದು ಬಿಟ್ಟಿದ್ದರು.

ಮೊದಲು ನೆಲ ನೋಡಿ

ಅಣ್ಣ ಮೊದಲು ಬ್ಯಾಟರಿಯ ತಂತಿ ಬಿಚ್ಚಿದರು. ಆಮೇಲೆ ಸೀಟುಗಳನ್ನು ತೆಗೆದರು. ಬೋಲ್ಟು, ತಿರುಪುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿದರು. ಬಾಗಿಲ ಹೊಸ್ತಿಲಿಗೆ ಒಂದು ಪಟ್ಟಿ ಇರುತ್ತದೆ. ಅದನ್ನೂ ಬಿಚ್ಚಿದರು. ಹಳೆಯ ಕಾರ್ಪೆಟ್ಟನ್ನು ಎಳೆದು ಹರಿಯಲಿಲ್ಲ. ನಿಧಾನಕ್ಕೆ ಎತ್ತಿದರು. ಯಾಕೆಂದರೆ ಹೊಸದಕ್ಕೆ ಅದೇ ಅಳತೆ.

ಅದರ ಕೆಳಗೆ ಸೆಣಬಿನ ದಪ್ಪ ಹಾಸು ಇತ್ತು. ಹಿಂಡಿದರೆ ನೀರು ಬಂತು! ಮಳೆ ನೀರು ಎಲ್ಲಿಂದ ಬಂತು? ಬಾಗಿಲ ರಬ್ಬರು ಹಳೆಯದಾಗಿ ಬಿರುಕು ಬಿಟ್ಟಿತ್ತು. ಅಲ್ಲಿಂದ ಒಳಗೆ ಇಳಿದಿತ್ತು. ಮೇಲೆ ಒಣಗಿದ ಹಾಗೆ ಕಾಣುತ್ತಿತ್ತು. ಕೆಳಗೆ ಒದ್ದೆ ಬಟ್ಟೆ ಹೊದಿಸಿದ ಹಾಗಿತ್ತು.

ಕಬ್ಬಿಣಕ್ಕೆ ನೀರು, ಗಾಳಿ ಎರಡೂ ತಾಗಿದರೆ ತುಕ್ಕು ಹಿಡಿಯುತ್ತದೆ. ಅಣ್ಣ ತಿರುಪುಳಿಯಿಂದ ನೆಲವನ್ನು ಮೆಲ್ಲಗೆ ಕುಟ್ಟಿದರು. ಒಂದು ಕಡೆ ಟಣ್ ಅಂತು. ಇನ್ನೊಂದು ಕಡೆ ಹಪ್ಪಳದ ಹಾಗೆ ಪುಡಿಯಾಯಿತು. ಬೆರಳು ತೂರುವಷ್ಟು ತೂತು. ಅದು ಸೀಟಿನ ಬೋಲ್ಟು ಕೂರುವ ಜಾಗದ ಪಕ್ಕದಲ್ಲೇ ಇತ್ತು. ನಾವು ಸುಮ್ಮನಾದೆವು. ಆ ಸೀಟಿನ ಮೇಲೆ ಮಕ್ಕಳು ಕೂರುತ್ತಿದ್ದರು.

"ಇದರ ಮೇಲೆ ಹೊಸ ಕಾರ್ಪೆಟ್ ಹಾಸಿಬಿಟ್ರೆ ಯಾರಿಗೂ ಕಾಣಲ್ಲ. ದುಡ್ಡೂ ಬರುತ್ತೆ. ಆದ್ರೆ ಅದು ಕೆಲಸ ಅಲ್ಲ ಕಣ್ರಿ, ಮೋಸ" ಅಂದರು ಅಣ್ಣ. ಯಜಮಾನರನ್ನು ಕರೆಸಿ ತೋರಿಸಿದರು. ವೆಲ್ಡಿಂಗ್ ಬಲ್ಲವರಿಂದ ಹೊಸ ತಗಡು ಕೂರಿಸಿದರು. ಬಾಗಿಲಿಗೆ ಹೊಸ ರಬ್ಬರು ಹಾಕಿಸಿದರು. ಉಳಿದ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿದರು. ರೆಡ್ ಆಕ್ಸೈಡ್ ಬಳಿದರು. ಅದು ಒಣಗಿದ ಮೇಲೆ ಬಣ್ಣ ಹೊಡೆದರು. ಕೊನೆಗೆ ಒಂದು ಬಕೆಟ್ ನೀರನ್ನು ಕಾರಿನ ಮೇಲೆ ಸುರಿದರು. ಒಳಗೆ ಒಂದು ಹನಿಯೂ ಬರಲಿಲ್ಲ. ಆಗ ಕಾರ್ಪೆಟ್ ಕೆಲಸ ಶುರುವಾಯಿತು.

ನಾಲ್ಕು ಪದ

ಹಳೆಯ ಕಾರ್ಪೆಟ್ಟಿನ ತುಂಡುಗಳನ್ನು ಬಿಸಿಲಿಗೆ ಒಣಗಿಸಿ, ದಪ್ಪ ಕಾಗದದ ಮೇಲೆ ಇಟ್ಟು, ಸುತ್ತ ಗೆರೆ ಎಳೆಯಬೇಕು. ಹಳೆಯದು ಕುಗ್ಗಿರುತ್ತದೆ. ಅದಕ್ಕೆ ಅಂಚಿನಲ್ಲಿ ಎರಡು ಬೆರಳು ಹೆಚ್ಚಿಗೆ ಬಿಡಬೇಕು. ಹೆಚ್ಚಾದರೆ ಕತ್ತರಿಸಬಹುದು. ಕಡಿಮೆಯಾದರೆ ಏನೂ ಮಾಡಲಾಗದು.

ಕಾರ್ಪೆಟ್ಟಿನ ಮೇಲ್ಭಾಗದಲ್ಲಿ ನೂಲು ಇರುತ್ತದೆ. ಅಲ್ಲಿ ಗೆರೆ ನಿಲ್ಲುವುದಿಲ್ಲ. ಹಾಗಾಗಿ ಬೆನ್ನಿನ ಕಡೆ ಗೆರೆ ಎಳೆದು ಕತ್ತರಿಸುತ್ತಾರೆ. ಇಲ್ಲೇ ಎಡವಟ್ಟು ಆಗುವುದು. ಕಾಗದವನ್ನು ಬೆನ್ನಿನ ಮೇಲೆ ಹಾಗೇ ಇಟ್ಟರೆ ಎಡದ್ದು ಬಲವಾಗುತ್ತದೆ. ಕಾಗದವನ್ನು ಮಗುಚಿ ಇಡಬೇಕು. ನಿಮ್ಮ ಎಡಗಾಲಿನ ಚಪ್ಪಲಿಯನ್ನು ಬೋರಲು ಹಾಕಿ ನೋಡಿ. ಅದು ಬಲಗಾಲಿನದರ ಹಾಗೆ ಕಾಣುತ್ತದೆ. ಇದೂ ಹಾಗೇ.

ಅಣ್ಣ ಹಿಂದೆ ಒಂದು ಸಲ ಹೀಗೇ ತಪ್ಪು ಕತ್ತರಿಸಿದ್ದರು. ಡ್ರೈವರ್ ಕಡೆಯ ತುಂಡು ಕೆಟ್ಟುಹೋಯಿತು. ಎರಡು ದಿನದ ಕೂಲಿ ಕೈಬಿಟ್ಟಿತು. ಆಗ ಅವರಿಗೆ ಬರೆಯಲು ಬರುತ್ತಿರಲಿಲ್ಲ. ನೆನಪಿನಲ್ಲೇ ಎಲ್ಲ ಇಟ್ಟುಕೊಳ್ಳುತ್ತಿದ್ದರು. ಈಗ ಪ್ರತಿ ಕಾಗದದ ಮೇಲೂ ಬೇಕಾದ ಪದ ಬರೆಯುತ್ತಾರೆ. ಮೇಲೆ. ಮುಂದೆ. ಎಡ. ಬಲ. ಇಷ್ಟೇ ನಾಲ್ಕು ಪದ. ಆಮೇಲೆ ಒಂದೂ ತುಂಡು ಕೆಟ್ಟಿಲ್ಲ.

ಹಾಸುವ ಬಗೆ

ಅಂಬಾಸಿಡರ್‌ನ ಎಂಜಿನ್ ಮುಂದೆ ಇದೆ. ಅದು ತಿರುಗಿಸುವುದು ಹಿಂದಿನ ಚಕ್ರಗಳನ್ನು. ನಡುವೆ ಉದ್ದನೆಯ ಸರಳು ಓಡುತ್ತದೆ. ಅದಕ್ಕಾಗಿ ನೆಲದ ಮಧ್ಯೆ ಉಬ್ಬು ಇರುತ್ತದೆ. ಮೊದಲು ಆ ಉಬ್ಬಿಗೆ ಹಾಸಬೇಕು. ಆಮೇಲೆ ಎಡ, ಬಲ.

ಮೊದಲು ಒಣಗಿದ ಹೊಸ ಸೆಣಬಿನ ಹಾಸು ಹಾಕಬೇಕು. ಇದು ಸದ್ದನ್ನೂ ಬಿಸಿಯನ್ನೂ ತಡೆಯುತ್ತದೆ. ಅದರ ಮೇಲೆ ಕಾರ್ಪೆಟ್. ಅಂಟು ಹಚ್ಚುವ ಮೊದಲು ಎಲ್ಲ ತುಂಡುಗಳನ್ನೂ ಸುಮ್ಮನೆ ಇಟ್ಟು ನೋಡಬೇಕು. ಬೋಲ್ಟಿನ ತೂತಿಗೆ ಡ್ರಿಲ್ ಬಳಸಬಾರದು. ನೂಲು ಸುತ್ತಿಕೊಂಡು ಇಡೀ ಕಾರ್ಪೆಟ್ಟನ್ನೇ ಎಳೆಯುತ್ತದೆ. ದಬ್ಬಳದಿಂದ ಗುರುತು ಮಾಡಿ, ಬ್ಲೇಡಿನಿಂದ ಸಣ್ಣಗೆ ಸೀಳಬೇಕು. ಕಾರಿನ ನೆಲಕ್ಕೂ ಹೊಸ ತೂತು ಕೊರೆಯಬಾರದು. ಕೆಳಗೆ ಪೆಟ್ರೋಲ್ ಕೊಳವೆ, ಬ್ರೇಕ್ ಕೊಳವೆ ಇರಬಹುದು. ಕೆಲವು ಹಳೆಯ ಕಾರುಗಳಲ್ಲಿ ಬ್ರೇಕ್ ಎಣ್ಣೆ ಹಾಕುವ ಜಾಗಕ್ಕೆ ನೆಲದಲ್ಲೇ ಮುಚ್ಚಳ ಇರುತ್ತದೆ. ಅದರ ಮೇಲೆ ಅಂಟಿಸಬಾರದು. ಎತ್ತುವ ಹಾಗೆ ಬಿಡಬೇಕು.

ಅಂಟನ್ನು ಎರಡೂ ಕಡೆ ತೆಳ್ಳಗೆ ಹಚ್ಚಬೇಕು. ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಡಬ್ಬಿಯ ಮೇಲೆ ಏನು ಬರೆದಿದೆ, ಓದಿ. ಇದು ಬೆಂಕಿ ಹಿಡಿಯುವ ಅಂಟು. ಇದರ ಗಾಳಿ ಕುಡಿದರೆ ತಲೆ ಸುತ್ತುತ್ತದೆ. ಬಾಗಿಲು ತೆರೆದಿರಲಿ. ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡವೇ ಬೇಡ.

ಕೊನೆಯ ಪರೀಕ್ಷೆ

ಸೀಟುಗಳನ್ನು ಕೂರಿಸಿ ಬೋಲ್ಟು ಬಿಗಿ ಮಾಡಿದರು. ಸೀಟನ್ನು ಹಿಡಿದು ಅಲುಗಾಡಿಸಿ ನೋಡಿದರು. ಎಂಜಿನ್ ಆಫ್ ಇರುವಾಗಲೇ ಅಣ್ಣ ಡ್ರೈವರ್ ಜಾಗದಲ್ಲಿ ಕೂತರು. ಆಕ್ಸಿಲರೇಟರ್, ಬ್ರೇಕ್, ಕ್ಲಚ್ ಮೂರನ್ನೂ ಪೂರ್ತಿ ಒತ್ತಿದರು, ಬಿಟ್ಟರು. ಕಾರ್ಪೆಟ್ ದಪ್ಪವಾದರೆ ಬ್ರೇಕ್ ಪೂರ್ತಿ ಇಳಿಯುವುದಿಲ್ಲ. ಮಡಿಕೆ ಬಿದ್ದರೆ ಆಕ್ಸಿಲರೇಟರ್ ಒತ್ತಿದ್ದು ಒತ್ತಿದ ಹಾಗೇ ಉಳಿಯುತ್ತದೆ. ಬೆಟ್ಟದ ತಿರುವಿನಲ್ಲಿ ಹಾಗಾದರೆ ಗತಿ ಏನು? ಬಿಡಿ ಮ್ಯಾಟ್ ಮೇಲೆ ಇನ್ನೊಂದು ಮ್ಯಾಟ್ ಹಾಕುವವರೂ ಇದ್ದಾರೆ. ಅದು ಜಾರಿ ಪೆಡಲಿಗೆ ಸಿಕ್ಕಿಕೊಳ್ಳುತ್ತದೆ. ಹಾಗೆ ಮಾಡಬೇಡಿ.

ಸಂಜೆ ಯಜಮಾನರು ಬಂದರು. ಹೊಸ ಕಾರ್ಪೆಟ್ ಸವರಿ ನೋಡಿ, "ಚೆನ್ನಾಗಿದೆ" ಅಂದರು. ಆಮೇಲೆ ಸ್ವಲ್ಪ ತಡೆದು, "ಕೆಳಗಿನದು ಇನ್ನೂ ಚೆನ್ನಾಗಿದೆ" ಅಂದರು. ಅಣ್ಣ ಕೆಲಸದ ಲೆಕ್ಕವನ್ನು ತಾವೇ ಚೀಟಿಯಲ್ಲಿ ಬರೆದು ಕೊಟ್ಟರು. ತಗಡು, ರಬ್ಬರು, ಬಣ್ಣ, ಕಾರ್ಪೆಟ್, ಕೂಲಿ. ಕೆಳಗೆ ಸಹಿ ಹಾಕಿದರು. ಹೆಬ್ಬೆಟ್ಟಲ್ಲ, ಸಹಿ.

ಓದಿ, ಹೇಳಿ, ಬರೆಯಿರಿ

1. ಕಾರ್ಪೆಟ್ ಹಾಸುವ ಮೊದಲು ನೆಲವನ್ನು ಯಾಕೆ ನೋಡಬೇಕು?
2. ತುಕ್ಕು ಹಿಡಿಯಲು ಯಾವ ಎರಡು ಕಾರಣ?
3. ಅಣ್ಣ ಕಾಗದದ ಮೇಲೆ ಬರೆಯುವ ನಾಲ್ಕು ಪದ ಯಾವುವು?
4. ನಿಮ್ಮ ಕೆಲಸದಲ್ಲಿ ಕಣ್ಣಿಗೆ ಕಾಣದೆ ಉಳಿಯುವ ಭಾಗ ಯಾವುದು? ಎರಡು ವಾಕ್ಯ ಬರೆಯಿರಿ.