ಕಾದಂಬರಿಯ ನಾಯಕ ಅಳಿಯನಾಗಿ ಬಂದರೆ?

ನಾನು ಮದುವೆಯಾಗಿ ತಿಪಟೂರಿಗೆ ಬಂದದ್ದು 1988ರಲ್ಲಿ. ಅಂದಿನಿಂದ ಈ ಮನೆಯ ಒಲೆಯ ಮೇಲೆ ನಾನು ಉಕ್ಕಿಸಿದ ಹಾಲಿನ ಲೆಕ್ಕ ಇಟ್ಟಿದ್ದರೆ, ನಮ್ಮ ಅತ್ತೆಯವರು ಅದರಲ್ಲಿ ಒಂದು ಜೊತೆ ಬಂಗಾರದ ಬಳೆ ಮಾಡಿಸಿಕೊಳ್ಳಬಹುದಾಗಿತ್ತು! ಒಲೆಯ ಮೇಲೆ ಹಾಲು, ಕೈಯಲ್ಲಿ ಕಾದಂಬರಿ. ಕಥಾನಾಯಕಿ ಕಣ್ಣೀರು ಹಾಕುತ್ತಾ ಹೊಸ್ತಿಲು ದಾಟುವ ಹೊತ್ತಿಗೆ ಸರಿಯಾಗಿ ಹಾಲೂ ಪಾತ್ರೆಯ ಅಂಚು ದಾಟುತ್ತಿತ್ತು. "ಅಂಥಾದ್ದೇನಿದೆಯೇ ಆ ಪುಸ್ತಕದಲ್ಲಿ?" ಎಂದು ಅತ್ತೆ ಗದರುವರು. ನಾನು ತಲೆ ತಗ್ಗಿಸಿ ಒಲೆ ಒರೆಸುವೆನು. ಒರೆಸಿದ ಮೇಲೆ ಮತ್ತೆ ಪುಸ್ತಕ!

ಇಂಥ ಓದಿನ ಹುಚ್ಚಿನವಳು ಪ್ರೇಮಕಥೆಗಳ ಮೇಲೆ ದೂರು ಹೇಳಲು ಹೊರಟರೆ ನಿಮಗೆ ನಗು ಬರಬಹುದು. ಆದರೆ ಕಾದಂಬರಿ ಎಂಬುದು ಬರೀ ಹೊತ್ತು ಕಳೆಯುವ ವಸ್ತುವಲ್ಲ, ಅದು ನಮ್ಮ ಹೆಣ್ಣುಮಕ್ಕಳ ಬಾಳಿನವರೆಗೂ ಕೈ ಚಾಚುತ್ತದೆ ಎಂಬುದು ಕಳೆದ ಅವರೆಕಾಯಿ ಕಾಲದಲ್ಲಿ ನನಗೆ ಚೆನ್ನಾಗಿ ಅರಿವಾಯಿತು. ಅದನ್ನೇ ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ.

ಅಮ್ಮನ ಟ್ರಂಕಿನ ಪುಸ್ತಕಗಳು

ನನ್ನ ತವರು ಮೈಸೂರು. ನಮ್ಮಮ್ಮ ಓದಿದ್ದು ಏಳನೆಯ ಕ್ಲಾಸು. ಆದರೆ 'ಸುಧಾ' ವಾರಪತ್ರಿಕೆ ಮನೆಗೆ ಬಂದ ದಿನ ಧಾರಾವಾಹಿಯ ಪುಟ ಓದದೆ ಅವರಿಗೆ ಊಟ ಸೇರುತ್ತಿರಲಿಲ್ಲ. ಓದಾದ ಮೇಲೆ ಆ ಪುಟಗಳನ್ನು ಜೋಪಾನವಾಗಿ ಕಿತ್ತು, ಕಥೆ ಮುಗಿದಾಗ ಎಲ್ಲವನ್ನೂ ಸೇರಿಸಿ, ದಬ್ಬಳದಲ್ಲಿ ಚುಚ್ಚಿ, ದಪ್ಪ ದಾರದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ಹೊದಿಕೆ ಹಾಕಿ ಟ್ರಂಕಿನಲ್ಲಿ ಇಡುತ್ತಿದ್ದರು. ಬೀದಿಯ ಹೆಂಗಸರೆಲ್ಲ ಅದನ್ನು ಎರವಲು ಒಯ್ಯುತ್ತಿದ್ದರು. ಅದೇ ನಮ್ಮ ಸರ್ಕ್ಯುಲೇಟಿಂಗ್ ಲೈಬ್ರರಿ.

ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಅನುಪಮಾ ನಿರಂಜನ ಇವರೆಲ್ಲ ನನಗೆ ಪರಿಚಯವಾದದ್ದು ಆ ಟ್ರಂಕಿನಿಂದಲೇ. ಇಂಥವರು ಬರೆದದ್ದನ್ನು 'ಅಡುಗೆಮನೆ ಸಾಹಿತ್ಯ' ಎಂದು ಮೂಗು ಮುರಿದ ಪಂಡಿತರು ಇದ್ದರು. ಇರಲಿ. ನಾವು ದಿನದ ಅರ್ಧ ಪಾಲು ಕಳೆಯುವ ಕೋಣೆಯ ಕಥೆಯನ್ನು ನಮಗಾಗಿ ಇನ್ನು ಯಾರು ಬರೆಯಬೇಕಿತ್ತು? 2025ರಲ್ಲಿ, ನಮ್ಮ ಪಕ್ಕದ ಜಿಲ್ಲೆ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರು ಮಾಡಿದ ಇಂಗ್ಲಿಷ್ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತಲ್ಲ, ಅವೂ ಮನೆಯೊಳಗಿನ ಹೆಂಗಸರ ಕಥೆಗಳೇ!

ಆ 'ಅಡುಗೆಮನೆ ಸಾಹಿತ್ಯ' ನಮಗೆ ಏನು ಕಲಿಸಿತು ಎನ್ನುವುದಕ್ಕೆ ಒಂದು ಉದಾಹರಣೆ. ಬಾಣಂತನದ ನಂತರ ಮನಸ್ಸು ಕೆಟ್ಟ ಕಾವೇರಿಯ ಕಥೆಯನ್ನು ತ್ರಿವೇಣಿಯವರು 'ಶರಪಂಜರ'ದಲ್ಲಿ ಬರೆದರು. ಅವರು ಕಾಲೇಜಿನಲ್ಲಿ ಮನಃಶಾಸ್ತ್ರ ಓದಿದವರು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಬೀದಿಯ ಒಬ್ಬ ಬಾಣಂತಿ ಮಗುವನ್ನು ಮುಟ್ಟದೆ ಗೋಡೆ ನೋಡುತ್ತಾ ಕೂತಿರುತ್ತಿದ್ದಳು. ಎಲ್ಲರೂ ಗಾಳಿ ಸೋಕಿದೆ ಎಂದರು, ತಾಯಿತ ಕಟ್ಟಿಸಿದರು. ನಮ್ಮಮ್ಮ ಮಾತ್ರ, "ಇದು ಗಾಳಿಯೂ ಅಲ್ಲ ದೆವ್ವವೂ ಅಲ್ಲ, ಕಾವೇರಿಗೆ ಬಂದಿದ್ದ ಕಾಯಿಲೆ, ಡಾಕ್ಟರ ಹತ್ರ ಕರ್ಕೊಂಡ್ಹೋಗಿ" ಎಂದು ಹಟ ಹಿಡಿದರು. ಕಾವೇರಿ ಯಾರು ಅಂತ ಆ ಮನೆಯ ಗಂಡಸರಿಗೆ ತಿಳಿಯಲಿಲ್ಲ. ಹೆಂಗಸರಿಗೆ ತಿಳಿಯಿತು. ಆ ಹುಡುಗಿ ಗುಣವಾದಳು.

ಮಗಳ ಫೋನಿನ ನಾಯಕ

ಈಗ ನನ್ನ ಮಗಳ ವಿಷಯ. ಅವಳಿಗೆ ಇಪ್ಪತ್ತೈದು. ಬೆಂಗಳೂರಿನಲ್ಲಿ ಕೆಲಸ, ಶನಿವಾರ ರೈಲು ಹತ್ತಿ ಮನೆಗೆ ಬರುತ್ತಾಳೆ. ಅವಳೂ ನನ್ನ ಹಾಗೇ ಓದುವವಳು, ಆದರೆ ಓದೆಲ್ಲ ಫೋನಿನಲ್ಲಿ. ದಿನಕ್ಕೊಂದು ಅಧ್ಯಾಯ ಬರುವ ಕನ್ನಡ ಧಾರಾವಾಹಿಗಳು.

ಕಳೆದ ವರ್ಷ ನೆಂಟರ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಓದಿದವನು, ಒಳ್ಳೆಯ ಸಂಬಳ, ನೋಡಲು ಲಕ್ಷಣವಾಗಿದ್ದ. ಎರಡೂ ಕಡೆ ಒಪ್ಪಿಗೆಯಾಗಿ ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿಕೊಳ್ಳಲು ಶುರುಮಾಡಿದರು. ನಿಶ್ಚಿತಾರ್ಥಕ್ಕೆ ದಿನ ನೋಡುವುದಷ್ಟೇ ಬಾಕಿ.

ಒಂದು ಭಾನುವಾರ ಅವಳು ಊಟಕ್ಕೆ ಕೂತಿದ್ದಾಗ ಆರು ಸಲ ಫೋನು ಬಂತು. ಎಲ್ಲಿದ್ದೀಯ, ಯಾರ ಜೊತೆ ಇದ್ದೀಯ, ಫೋಟೋ ತೆಗೆದು ಕಳಿಸು ಎಂದು. ಇವಳು ಎಡಗೈಯಲ್ಲಿ ತಟ್ಟೆಯ ಫೋಟೋ, ನನ್ನ ಫೋಟೋ ತೆಗೆದು ಕಳಿಸಿದಳು. ಆಫೀಸಿನ ಗಂಡು ಸಹೋದ್ಯೋಗಿಗಳ ನಂಬರುಗಳನ್ನೆಲ್ಲ ಅಳಿಸು ಎಂದೂ ಹೇಳಿದ್ದನಂತೆ.

"ಇದೇನೇ ಪುಟ್ಟಿ, ಪೊಲೀಸ್ ಸ್ಟೇಷನ್ನಿಗೆ ಹಾಜರಿ ಹಾಕೋ ಹಾಗೆ?" ಎಂದೆ.

"ನಿಂಗೆ ಗೊತ್ತಾಗಲ್ಲಮ್ಮಾ. ಅದು ಪೊಸೆಸಿವ್‌ನೆಸ್. ಅಷ್ಟು ಪ್ರೀತಿ ಇರೋದಕ್ಕೇ ಹಾಗೆ ಮಾಡೋದು. ನಾನು ಓದ್ತಿರೋ ಕಥೇಲೂ ಹೀರೋ ಹಾಗೇ," ಎಂದು ನಾಚಿ ನಕ್ಕಳು.

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆ ಮಾತಿಗಲ್ಲ, ಆ ನಗುವಿಗೆ. ಇಂಥ ನಗು ನಾನೂ ನಕ್ಕವಳೇ.

ನಾನೂ ಓದಿ ನೋಡಿದೆ

ಆ ಕಥೆಯನ್ನು ನನ್ನ ಫೋನಿಗೂ ಹಾಕಿಸಿಕೊಂಡೆ. ಅರವತ್ತಕ್ಕೂ ಹೆಚ್ಚು ಅಧ್ಯಾಯ. ಸುಳ್ಳೇಕೆ ಹೇಳಲಿ, ಮೂರು ರಾತ್ರಿ ನಿದ್ದೆಗೆಟ್ಟು ಓದಿದೆ! ಬರೆದಾಕೆಗೆ ಕಥೆ ಕಟ್ಟುವ ಕಲೆ ಚೆನ್ನಾಗಿ ಗೊತ್ತು. ಪ್ರತಿ ಅಧ್ಯಾಯವನ್ನೂ, ಮುಂದೇನು ಮುಂದೇನು ಅನ್ನಿಸುವ ಹಾಗೆ ನಿಲ್ಲಿಸುತ್ತಾಳೆ.

ಕಥೆ ಇಷ್ಟೆ. ನಾಯಕ ಕೋಟ್ಯಧಿಪತಿ, ಸದಾ ಸಿಡುಕು. ನಾಯಕಿ ಬಡವಳು. ತಂದೆಯ ಸಾಲಕ್ಕಾಗಿ ಒಪ್ಪಂದದ ಮದುವೆ. ಅವನು ಅವಳ ಮೊಣಕೈ ಹಿಡಿದು ಎಳೆಯುತ್ತಾನೆ, ಕೋಣೆಯಲ್ಲಿ ಕೂಡಿ ಬೀಗ ಹಾಕುತ್ತಾನೆ, ಅವಳೊಡನೆ ನಕ್ಕು ಮಾತಾಡಿದ ತಪ್ಪಿಗೆ ಒಬ್ಬನ ಮೂಗು ಒಡೆಯುತ್ತಾನೆ. ನಲವತ್ತನೆಯ ಅಧ್ಯಾಯದಲ್ಲಿ, ಇದೆಲ್ಲ ಪ್ರೀತಿಗಾಗಿ ಎಂದು ಗೊತ್ತಾಗುತ್ತದೆ. ಆಕೆ ಕಣ್ಣೊರೆಸಿಕೊಂಡು ಅವನ ಎದೆಗೊರಗುತ್ತಾಳೆ.

ಈ ನಾಯಕ ನನಗೆ ಹೊಸಬನೇನೂ ಅಲ್ಲ. ನಾನು ಕಾಲೇಜಿನಲ್ಲಿದ್ದಾಗ ಇಂಗ್ಲಿಷ್ ಚೆನ್ನಾಗಿ ಬಲ್ಲ ಗೆಳತಿಯರು ಮಿಲ್ಸ್ ಅಂಡ್ ಬೂನ್ ಪುಸ್ತಕಗಳನ್ನು ನೋಟ್ ಬುಕ್ಕಿನೊಳಗೆ ಬಚ್ಚಿಟ್ಟು ಓದುತ್ತಿದ್ದರು. 1908ರಲ್ಲಿ ಲಂಡನ್ನಿನಲ್ಲಿ ಶುರುವಾದ ಕಂಪನಿಯದು. ಅವರು ಹೇಳುತ್ತಿದ್ದ ಕಥೆಗಳಲ್ಲೂ ಹೀಗೇ ಒಬ್ಬ ಎತ್ತರದ, ದರ್ಪದ, ಹಣವಂತ ನಾಯಕ. ಅವನ ಮೊಮ್ಮಗ ಈಗ ಪಂಚೆ ಉಟ್ಟು, ಕನ್ನಡ ಕಲಿತು ಫೋನಿಗೆ ಬಂದಿದ್ದಾನೆ, ಅಷ್ಟೆ.

ನಮ್ಮ ಹಳೆಯ ಕಥೆಗಳೆಲ್ಲ ಅಪರಂಜಿ ಎಂದೂ ನಾನು ಹೇಳಲಾರೆ. ವಾಣಿಯವರ ಕಾದಂಬರಿಯಿಂದ ತೆಗೆದ 'ಎರಡು ಕನಸು' ಚಿತ್ರ ಬಂದದ್ದು 1974ರಲ್ಲಿ. ದೊಡ್ಡವಳಾದ ಮೇಲೆ ಅಮ್ಮನ ಜೊತೆ ಕೂತು ನೋಡಿ ಅತ್ತವಳು ನಾನು. ಕೈತಪ್ಪಿದ ಪ್ರೀತಿಯನ್ನೇ ನೆನೆಯುತ್ತಾ ಗಂಡ ಮುಖ ತಿರುಗಿಸಿ ಕೂತಿರುತ್ತಾನೆ. ಕೈಹಿಡಿದ ಹೆಂಡತಿ ಅವನ ಮನಸ್ಸು ಕರಗುವವರೆಗೆ ಕಾಯುತ್ತಾಳೆ. ಚಿತ್ರದಲ್ಲಿ ಕರಗಿತು. ಕರಗದ ಮನೆಗಳಲ್ಲಿ ಕಾಯುತ್ತಾ ಕೂತವರ ಗತಿ ಏನು? ಕಾಯುವುದೇ ಹೆಣ್ಣಿನ ಧರ್ಮ ಎಂದು ನಾವು ಕಥೆಗಳಿಂದಲೂ ಕಲಿತೆವಲ್ಲವೆ?

ಆದರೆ ಅದೇ ಟ್ರಂಕಿನಲ್ಲಿ 'ಬೆಳ್ಳಿಮೋಡ'ವೂ ಇತ್ತು. ಆಸ್ತಿ ಇರುವವರೆಗೆ ಇಂದಿರೆಯನ್ನು ಬಯಸಿದವನು, ಅವಳಿಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪುತ್ತದೆ ಎಂದಾಗ ದೂರ ಸರಿಯುತ್ತಾನೆ. ಕೊನೆಗೆ ಮನಸ್ಸು ಬದಲಿಸಿಕೊಂಡು ಬಂದಾಗ ಆಕೆ ಒಲ್ಲೆ ಎನ್ನುತ್ತಾಳೆ. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ, ಇನ್ನೂ ಮೂವತ್ತೈದು ತುಂಬಿರಲಿಲ್ಲ. ಅಷ್ಟು ಹಿಂದೆಯೇ ಒಬ್ಬ ಹೆಣ್ಣಿನ ಬಾಯಿಂದ ಅವರು ಈ 'ಒಲ್ಲೆ' ಹೇಳಿಸಿದ್ದರು!

ಅವರೆಕಾಳಿನ ಮುಂದೆ ಮಾತು

ಮುಂದಿನ ಭಾನುವಾರ ತಾಯಿ ಮಗಳು ಹಿತಕವರೆಗೆ ಕಾಳು ಹಿಸುಕುತ್ತಾ ಕೂತೆವು. ಆ ಕೆಲಸದ ಗುಣವೇ ಹಾಗೆ, ಕೈ ಕೆಳಗಿರುತ್ತದೆ, ಕಣ್ಣು ಕಣ್ಣು ನೋಡಬೇಕಾಗಿಲ್ಲ, ಕಷ್ಟದ ಮಾತು ಸಲೀಸಾಗಿ ಬರುತ್ತದೆ.

"ನಿನ್ನ ಕಥೆ ಪೂರಾ ಓದ್ದೆ ಕಣೇ. ಚೆನ್ನಾಗಿದೆ," ಎಂದೆ. ಅವಳಿಗೆ ಆಶ್ಚರ್ಯ. "ಒಂದೇ ಒಂದು ಕೇಳ್ತೀನಿ. ಆ ಹೀರೋನ ಕಾರು ತೆಗೆದುಬಿಡು. ಬಂಗಲೆ, ಸೂಟು ಎಲ್ಲ ತೆಗೆದುಬಿಡು. ಅವನು ಮಾಡಿದ್ದನ್ನೇ ನಮ್ಮ ಬೀದೀಲಿ ಯಾರಾದರೂ ಹೆಂಡತಿಗೆ ಮಾಡಿದ್ರೆ ಏನಂತೀಯ?"

ಅವಳು ಸುಮ್ಮನಾದಳು. ಆಮೇಲೆ ಸಿಟ್ಟೂ ಬಂತು. "ಹಾಗಾದ್ರೆ ನೀನು ಯಾವ ಕಾದಂಬರಿ ನೋಡಿ ಅಪ್ಪನ್ನ ಮದುವೆಯಾದೆ?" ಎಂದು ಕೇಳಿದಳು.

ನಮ್ಮವರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು. ಇಷ್ಟು ವರ್ಷದಲ್ಲಿ ಪ್ರೀತಿಯ ಒಂದು ಮಾತು ಬಾಯಿಬಿಟ್ಟು ಆಡಿದವರಲ್ಲ. ಮೊದಮೊದಲು ಅದಕ್ಕಾಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತದ್ದೂ ಉಂಟು. ಆದರೆ ನಾನು ಓದುತ್ತಾ ಮೈಮರೆತಾಗ ಎಷ್ಟೋ ಸಲ ಇವರು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಬಂದು, ಉಕ್ಕಲಿದ್ದ ಹಾಲಿನ ಉರಿ ಸಣ್ಣ ಮಾಡಿ, ಮಾತಾಡದೆ ಹೋಗಿದ್ದಾರೆ. ಇವರು ಊರಿನಲ್ಲಿಲ್ಲದ ದಿನಗಳಲ್ಲೇ ಹಾಲು ಹೆಚ್ಚು ಉಕ್ಕುತ್ತದೆ ಎಂದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ಇದನ್ನೇ ಮಗಳಿಗೆ ಹೇಳಿದೆ. ಇಂಥದನ್ನು ಯಾವ ಕಥೆಯಲ್ಲೂ ಅವಳು ಓದಿರಲಿಲ್ಲ.

ಆ ವಾರ ಅವಳು ಹುಡುಗನಿಗೆ, "ಫೋಟೋ ಕಳಿಸೋದಿಲ್ಲ, ಯಾರ ನಂಬರೂ ಅಳಿಸೋದಿಲ್ಲ, ನನ್ನ ಮೇಲೆ ನಂಬಿಕೆ ಇಡಿ," ಎಂದು ಹೇಳಿದಳಂತೆ. ನಾಲ್ಕು ದಿನ ಅವನು ಮಾತು ಬಿಟ್ಟ. ಐದನೆಯ ದಿನ ಅವರ ಮನೆಯಿಂದ, ಹುಡುಗಿಗೆ ಜಂಬ ಜಾಸ್ತಿ ಎಂದು ಹೇಳಿ ಕಳಿಸಿದರು. ಸಂಬಂಧ ಅಲ್ಲಿಗೇ ನಿಂತಿತು.

ನೆಂಟರೆಲ್ಲ ನನ್ನನ್ನೇ ಬಯ್ದರು. ಮಗಳು ಒಂದು ವಾರ ಅತ್ತಳು. ಕೂಡಿಬಂದ ಸಂಬಂಧವನ್ನು ನನ್ನ ಕೈಯಾರೆ ಕೆಡಿಸಿದೆನೇ ಎಂದು ನನಗೂ ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ. ಆದರೆ 'ನಂಬಿ' ಎಂಬ ಒಂದು ಮಾತನ್ನೇ ತಾಳದವನು ನಾಳೆ ಇನ್ನೇನು ತಾಳಿಯಾನು ಎಂದು ಸಮಾಧಾನ ತಂದುಕೊಂಡಿದ್ದೇನೆ.

ಬರೆಯುವವರಲ್ಲಿ, ಓದುವವರಲ್ಲಿ ಒಂದು ವಿನಂತಿ

ಇಂದು ಫೋನಿನಲ್ಲಿ ಕಥೆ ಬರೆಯುವವರಲ್ಲಿ ನಮ್ಮಂಥ ಗೃಹಿಣಿಯರೂ ಇದ್ದಾರೆ. ಮಕ್ಕಳನ್ನು ಶಾಲೆಗೆ ಕಳಿಸಿ, ಕುಕ್ಕರ್ ಕೂಗುವಷ್ಟರಲ್ಲಿ ಒಂದು ಪುಟ ಬರೆಯುವವರು. ಅವರ ಬಗ್ಗೆ ನನಗೆ ಹೆಮ್ಮೆಯಿದೆ. ಅವರಲ್ಲಿ ನನ್ನ ಕೋರಿಕೆ ಇಷ್ಟು: ನಿಮ್ಮ ನಾಯಕ ಸಿಡುಕನಾಗಿರಲಿ, ಬೇಕಾದರೆ ಕೋಟ್ಯಧಿಪತಿಯೂ ಆಗಿರಲಿ. ಆದರೆ ಕೈ ಎತ್ತುವುದನ್ನು, ಬೀಗ ಹಾಕುವುದನ್ನು ಪ್ರೀತಿ ಎಂದು ಕರೆಯಬೇಡಿ. ಕಥೆಯನ್ನು ತಾಳಿಯೊಂದಿಗೇ ಮುಗಿಸದೆ, ಸಾರು ಕೆಟ್ಟ ದಿನ, ಸಂಬಳ ಬಾರದ ತಿಂಗಳು ಅವನು ಹೇಗಿದ್ದ ಎಂಬುದನ್ನೂ ಬರೆಯಿರಿ.

ತಾಯಂದಿರಲ್ಲಿ ಕೋರಿಕೆ: ಮಗಳ ಕೈಯಿಂದ ಫೋನು ಕಸಿಯಬೇಡಿ. ಕಸಿದರೆ ಬಚ್ಚಿಟ್ಟು ಓದುತ್ತಾಳೆ, ನಾವು ಓದಲಿಲ್ಲವೆ? ಅದರ ಬದಲು ಅವಳು ಓದುವುದನ್ನು ನೀವೂ ಓದಿ. ಕಥೆಯ ನೆಪದಲ್ಲಿ ಮಾತಾಡಿ. ನೇರವಾಗಿ ಬುದ್ಧಿ ಹೇಳಿದರೆ ಮುಖ ತಿರುಗಿಸುವ ಮಕ್ಕಳು ಕಥೆಯ ಹುಡುಗಿಯ ಬಗ್ಗೆ ಮಾತೆತ್ತಿದರೆ ಮನಸ್ಸು ಬಿಚ್ಚುತ್ತಾರೆ. ಇದು ನನ್ನ ಅನುಭವ.

ಮಗಳು ಅಂಥ ಕಥೆಗಳನ್ನು ಓದುವುದು ಬಿಟ್ಟಿಲ್ಲ. ನಾನೂ ಬಿಟ್ಟಿಲ್ಲ! ಈಗ ಇಬ್ಬರೂ ಒಂದೇ ಧಾರಾವಾಹಿ ಹಿಡಿದಿದ್ದೇವೆ. ಶನಿವಾರ ರೈಲಿಳಿದು ಬಂದವಳು ಚಪ್ಪಲಿ ಬಿಡುವ ಮೊದಲೇ, "ಅಮ್ಮಾ, ನಿನ್ನೆ ಅಧ್ಯಾಯ ಓದಿದ್ಯಾ? ಇವನು ಆಗಲ್ಲ ಬಿಡು," ಎನ್ನುತ್ತಾಳೆ. ಹೋದ ಸಲ ಬರುವಾಗ ತನ್ನ ದುಡ್ಡಿನಲ್ಲಿ 'ಬೆಳ್ಳಿಮೋಡ' ಕೊಂಡು ತಂದಿದ್ದಳು. ಅದನ್ನು ಓದುತ್ತಾ ಒಲೆಯ ಮುಂದೆ ನಿಂತಿದ್ದಳು. ಹಾಲು ಉಕ್ಕಿತು. ನಾನು ಗದರಲಿಲ್ಲ.