ಸಂಬಳ ಕಂಪನಿಯದು, ಬೇಡಿ ಸರ್ಕಾರದ್ದು!

ಕಂಪನಿ ಸಂಬಳಕ್ಕೆ ದುಡಿಯುವ ಕಾವಲುಗಾರ ನಿಮ್ಮನ್ನು ಅರೆಸ್ಟ್ ಮಾಡಬಹುದೇ? ಸಿಂಗಾಪುರದಲ್ಲಿ ಮಾಡಬಹುದು ಸ್ವಾಮಿ!

ಅಲ್ಲಿ ಸಿಸ್ಕೋ ಅಂತ ಒಂದು ಸಂಸ್ಥೆ. 1972ರಲ್ಲಿ ಸರ್ಕಾರವೇ ಹುಟ್ಟುಹಾಕಿದ್ದು. 2005ರಲ್ಲಿ ಕಂಪನಿಯಾಯಿತು. ಈಗಿನ ಹೆಸರು ಸರ್ಟಿಸ್. ಒಡೆತನ ಸರ್ಕಾರಿ ಹೂಡಿಕೆ ಸಂಸ್ಥೆ ಟೆಮಾಸೆಕ್‌ನದು. ಇದರ ಸಹಾಯಕ ಪೊಲೀಸರು ಬ್ಯಾಂಕಿನ ಹಣ ಕಾಯ್ತಾರೆ, ಗಡಿ ಚೆಕ್‌ಪೋಸ್ಟಿನಲ್ಲಿ ನಿಲ್ತಾರೆ. ಸೊಂಟದಲ್ಲಿ ಪಿಸ್ತೂಲೂ ಉಂಟು. ಆದರೆ ಕಂಪನಿ ಕೆಲಸ ಕೊಟ್ಟರಷ್ಟೇ ಸಾಲದು. ಪೊಲೀಸ್ ಕಾಯ್ದೆಯಡಿ ನೇಮಕ ಆಗಬೇಕು, ತರಬೇತಿ ಮುಗಿಸಬೇಕು.

ನಮ್ಮಲ್ಲಿ? 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆ ಗಾರ್ಡಿಗೆ ಪೊಲೀಸ್ ಅಧಿಕಾರ ಕೊಟ್ಟೇ ಇಲ್ಲ. ಪೊಲೀಸರಂಥ ಯೂನಿಫಾರಂ ತೊಟ್ಟರೆ ಅವನಿಗೇ ಒಂದು ವರ್ಷದವರೆಗೆ ಜೈಲು, ಇಲ್ಲವೇ 5 ಸಾವಿರ ರೂಪಾಯಿವರೆಗೆ ದಂಡ; ಎರಡೂ ಬೀಳಬಹುದು! ಕಣ್ಣೆದುರೇ ಜಾಮೀನಿಲ್ಲದ ದೊಡ್ಡ ಅಪರಾಧ ನಡೆದರೆ ಹಿಡಿಯಬಹುದು. ಆ ಹಕ್ಕು ನಿಮಗೂ ಇದೆ, ನನಗೂ ಇದೆ. ಹಿಡಿದವನನ್ನು 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು, ಅಷ್ಟೇ.

ಆದರೂ ಅಂಗಡಿ ಬಾಗಿಲಲ್ಲಿ ಜೇಬಿಗೆ ಕೈ ಹಾಕೋದು, ಬಡವನನ್ನು ಕಂಡರೆ 'ಕಳ್ಳ' ಅಂತ ಕೂಡಿಹಾಕಿ ಬಾರಿಸೋದು ನಿಂತಿಲ್ಲ. ಅಧಿಕಾರ ಕೊಡೋದಾದರೆ ಕಾನೂನು ಬರೆದು ಕೊಡಲಿ. ಕೊಡದ ಅಧಿಕಾರಕ್ಕೆ ಎತ್ತಿದ ಲಾಠಿಗೆ ನಮ್ಮೂರಲ್ಲಿ ಒಂದೇ ಹೆಸರು: ಗೂಂಡಾಗಿರಿ!